ಮಂಡ್ಯದಿಂದ ಎನ್‌ಎಂಆರ್ ಮಾಡಿಸುವ ದಾರಿ

ಮಂಡ್ಯದ ಕಾಲೇಜಲ್ಲಿ ಎನ್‌ಎಂಆರ್ (ಅಣುವಿನ ರಚನೆ ತಿಳಿಯೋ ಯಂತ್ರ) ಇಲ್ಲ, ಎಂಎಸ್ಸಿ ಪ್ರಾಜೆಕ್ಟಿಗೆ ಸರ್ಕಾರಿ ಯಂತ್ರ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತೆ. 2020ರ ಜನವರಿಯಲ್ಲಿ ಶುರುವಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಖಾತೆ ತೆರೆದು ಹುಡುಕಿ; ಸರ್ಕಾರದ ಅನುದಾನದಲ್ಲಿ ಕೊಂಡ ಯಂತ್ರಗಳು ಹೊರಗಿನವರಿಗೂ ಸಿಗಲಿ ಅಂತಲೇ ಅದನ್ನು ಮಾಡಿರೋದು. ಮೊದಲು ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಿಚಾರಿಸಿ, ಆಮೇಲೆ ಬೆಂಗಳೂರಿನ ಐಐಎಸ್‌ಸಿ, ಧಾರವಾಡದ ಸೈಫ್ (ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ). ಗೈಡ್ ಸಹಿಯ ಪತ್ರ ಇಟ್ಟುಕೊಳ್ಳಿ. ದರದಲ್ಲಿ ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿ.

ಕೆಲಸ ಕೆಡೋದು ಸಾಮಾನ್ಯವಾಗಿ ಸ್ಯಾಂಪಲ್‌ನಲ್ಲಿ. ಪ್ರೋಟಾನ್ ಎನ್‌ಎಂಆರ್‌ಗೆ 5–10 ಮಿಲಿಗ್ರಾಂ, ಕಾರ್ಬನ್ ಎನ್‌ಎಂಆರ್‌ಗೆ 20–30 ಕಳಿಸಿ. ಯಾವ ಡ್ಯೂಟರೇಟೆಡ್ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರೋ) ದ್ರಾವಕದಲ್ಲಿ ಕರಗುತ್ತೆ ಅಂತ ಚೀಟಿ ಅಂಟಿಸಿ. ವ್ಯಾಕ್ಯೂಮ್‌ನಲ್ಲಿ ಚೆನ್ನಾಗಿ ಒಣಗಿಸಿ: ಮೊದಲು ಬಳಸಿದ ಈಥೈಲ್ ಅಸಿಟೇಟ್ ದ್ರಾವಕ ಉಳಿದಿದ್ದರೆ, ಡ್ಯೂಟರೇಟೆಡ್ ಕ್ಲೋರೋಫಾರ್ಮ್‌ನಲ್ಲಿ 1.26, 2.05, 4.12 ಪಿಪಿಎಂ (ಗ್ರಾಫ್‌ನ ಅಡ್ಡ ಅಳತೆ) ಹತ್ತಿರ ಅದರದೇ ಪೀಕ್‌ಗಳು ಎದ್ದು ನಿಮ್ಮ ಸಂಯುಕ್ತದ ಪೀಕ್‌ಗಳನ್ನು ಮುಚ್ಚಿಬಿಡಬಹುದು.