ರೊಟ್ಟಿ ಹಂಚು ಕಟ್ಟಿಕೊಂಡು ಬಾ, ತಮ್ಮಾ

ಗದಗಿನ ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಹುಬ್ಬಳ್ಳಿಯ ಕೆಲಸ ಬಿಟ್ಟು ಹೆಂಡತಿ, ಮಗಳನ್ನು ಕರೆದುಕೊಂಡು ಇಂಗ್ಲೆಂಡಿನ ಲೆಸ್ಟರ್‌ಗೆ ಬರುತ್ತಿದ್ದೀಯ. ಬಾಡಿಗೆ ಹೇಗೆ, ಶಾಲೆ ಹೇಗೆ, ಚಳಿ ತಡೆಯೋಕೆ ಆಗುತ್ತಾ ಅಂತ ಕೇಳಿದ್ದೀಯ. ಕೊನೆಗೆ ಇನ್ನೊಂದು ಸಾಲು ಬರೆದಿದ್ದೀಯ: "ವಿದ್ಯಾನಗರದ ರೂಮಿನಲ್ಲಿದ್ದಾಗಿನಿಂದ ಅಡುಗೆ ಮಾಡುವುದು ನನ್ನ ಹವ್ಯಾಸ. ಅಲ್ಲಿ ಅದಕ್ಕೆ ಟೈಮ್ ಸಿಗುತ್ತಾ? ಏನೇನು ಹೊತ್ತು ತರಬೇಕು?" ನಾನೂ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದಿದವನು. ಖಾನಾವಳಿ ಬಾಗಿಲು ಹಾಕಿದ ದಿನ ಗೆಳೆಯರಿಗೆಲ್ಲ ಅಡುಗೆ ಮಾಡಿ ಬಡಿಸುತ್ತಿದ್ದೆ. ಆ ಕೊನೆಯ ಸಾಲಿಗೇ ನಾನು ಹೆಚ್ಚು ಉತ್ತರ ಕೊಡುವವನು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬಾಡಿಗೆ ಏರಿಯಾ ನೋಡಿಕೊಂಡು ಇರುತ್ತದೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. 2019ರಿಂದ ಸಾಮಾನ್ಯ ಮನೆಗೆ 5 ವಾರದ ಬಾಡಿಗೆಗಿಂತ ಜಾಸ್ತಿ ಠೇವಣಿ ಕೇಳುವಂತಿಲ್ಲ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ ಕೊಡುವ ಮನೆ ತೆರಿಗೆ, ಬೇರೆ ಕಟ್ಟಬೇಕು. ಮಗಳಿಗೆ 4 ತುಂಬಿದ ಮೇಲೆ ಬರುವ ಸೆಪ್ಟೆಂಬರಿನಿಂದ ಶಾಲೆ, ಅರ್ಜಿ ಕೌನ್ಸಿಲ್‌ಗೆ ಹಾಕು. ಬೆಚ್ಚಗಿನ ಬಟ್ಟೆ ಇಲ್ಲೇ ತೆಗೆದುಕೊಳ್ಳಿ. ನಿಜ ಹೇಳಬೇಕೆಂದರೆ ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಹೊತ್ತು ಮುಳುಗಿರುತ್ತದೆ.

ಮನೆ ನೋಡಲು ಹೋದಾಗ ಮೊದಲು ಒಲೆ ನೋಡು. ಕೆಲವು ಮನೆಯಲ್ಲಿ ಗ್ಯಾಸ್ ಇದೆ, ಕೆಲವು ಕಡೆ ಬರೀ ಕರೆಂಟಿನ ಒಲೆ. ಇಂಡಕ್ಷನ್ ಇದ್ದರೆ ಅಲ್ಯೂಮಿನಿಯಂ ಕುಕ್ಕರ್ ಕಾಯುವುದೇ ಇಲ್ಲ, ಸುಮ್ನೆ ಹೊತ್ತು ತರಬೇಡ. ತಳ ಸಪಾಟಾಗಿರುವ ಕಬ್ಬಿಣದ ಹಂಚು ಮಾತ್ರ ಚೆನ್ನಾಗಿ ಕಾಯುತ್ತದೆ. ಮಿಕ್ಸರ್ ತರಬಹುದು. ಇಲ್ಲಿಯೂ 230 ವೋಲ್ಟ್ ಕರೆಂಟ್, ಪ್ಲಗ್ ಅಷ್ಟೇ ಬೇರೆ. ಧಾರವಾಡ ಪೇಡೆ, ತುಪ್ಪ ಕಟ್ಟಿಕೊಡುತ್ತೇವೆ ಅಂತ ಮನೆಯಲ್ಲಿ ಹಟ ಹಿಡಿಯುತ್ತಾರೆ, ಬೇಡ ಅನ್ನು. ನಮ್ಮ ಕಡೆಯಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ ತಾ. ಇಲ್ಲಿ ಸಿಗುವ ಪುಡಿಯಲ್ಲಿ ಉರಿ ಇದೆ, ಆ ಕೆಂಪು ಇಲ್ಲ. ಹಿಂಡಿ ಅಂದರೆ ನಮ್ಮ ಕಡೆಯ ಚಟ್ನಿ ಪುಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎರಡೆರಡು ಚೀಲದಲ್ಲಿ ಕಟ್ಟಿಸು.

ಜೋಳದ ಹಿಟ್ಟಿನ ಚಿಂತೆ ಬೇಡ. 1972ರಲ್ಲಿ ಇದಿ ಅಮೀನ್ ಯುಗಾಂಡಾದಿಂದ ಹೊರಗೆ ಹಾಕಿದ ಗುಜರಾತಿ ಮಂದಿ ಬಹಳ ಜನ ಈ ಊರಿನಲ್ಲಿ ನೆಲೆ ನಿಂತರು. ಬೆಲ್‌ಗ್ರೇವ್ ರೋಡಿನ ಕಡೆ ಅವರ ಅಂಗಡಿಗಳಿಗೆ ಹೋದರೆ ಜೋಳದ ಹಿಟ್ಟು, ಸಜ್ಜಿ ಹಿಟ್ಟು, ಮೆಂತ್ಯೆ ಸಿವುಡು, ಸಣ್ಣ ಬದನೆಕಾಯಿ ಎಲ್ಲ ಸಿಗುತ್ತದೆ. ಹತ್ತರಕಿ, ಕಿರಕಸಾಲಿ ಸೊಪ್ಪು ಮಾತ್ರ ಕಂಡಿಲ್ಲ. ಅವನ್ನು ಊರಿಗೆ ಹೋದಾಗ ಹೊಟ್ಟೆ ತುಂಬ ತಿಂದು ಬಾ.

ಇನ್ನು ಟೈಮ್ ಸಿಗುತ್ತಾ ಅನ್ನುವುದು. ಸಿಗುವುದಿಲ್ಲ ತಮ್ಮಾ, ತೆಗೆದಿಡಬೇಕು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಾನು ಬರುವಾಗ ಅವ್ವ ತಾನು ಬಳಸುತ್ತಿದ್ದ ಹಂಚನ್ನೇ ಹಳೆ ಪಂಚೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿದ್ದಳು. ಆಗ ನಾವಿದ್ದದ್ದು ನಾಲ್ಕು ಮಂದಿ ಹಂಚಿಕೊಂಡ ಮನೆ. ಮೊದಲ ಸಲ ಮೆಣಸಿನಕಾಯಿ ಒಗ್ಗರಣೆ ಹಾಕಿದಾಗಲೇ ಹೊಗೆಯ ಅಲಾರಂ ಕಿರುಚಿಕೊಂಡಿತು. ಮನೆ ಮಾಲಿಕ ಬಂದು ನಾಲ್ಕು ಮಾತು ಅಂದ. ಹಂಚು ಕಪಾಟಿನ ಕೆಳಗೆ ಹೋಯಿತು. ಆಮೇಲೆ ನನಗೊಂದು ಶಿಫ್ಟ್, ಹೆಂಡತಿಗೊಂದು ಶಿಫ್ಟ್. ಮಕ್ಕಳಾದವು. ನಮ್ಮ ಸ್ವಂತ ಮನೆಗೆ ಬಂದರೂ ಹಂಚು ಕೆಳಗೇ ಇತ್ತು.

ಹವ್ಯಾಸ ಒಂದೇ ಸಲ ಬಿಟ್ಟು ಹೋಗುವುದಿಲ್ಲ. ಮೊದಲು ರೊಟ್ಟಿ ಹೋಗುತ್ತದೆ, ಅದಕ್ಕೆ ಪುರುಸೊತ್ತು ಬೇಕಲ್ಲ. ಆಮೇಲೆ ಹಿಂಡಿ ಕುಟ್ಟುವುದು. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು. ಹಬ್ಬಕ್ಕೆ, ಕನ್ನಡದವರು ಕೂಡಿದಾಗ ನಾನು ದೊಡ್ಡ ಪಾತ್ರೆ ಇಟ್ಟು ಪಲಾವ್ ಮಾಡುತ್ತಲೇ ಇದ್ದೆ. ಎಲ್ಲರೂ ಹೊಗಳುತ್ತಿದ್ದರು. ಆದರೆ ಬಂದವರು ಮೆಚ್ಚಲಿ ಅಂತ ಮಾಡುವ ಅಡುಗೆಗೂ ಮನೆಯವರು ಉಣ್ಣಲಿ ಅಂತ ಮಾಡುವ ಅಡುಗೆಗೂ ಬಹಳ ಫರಕು ಇದೆ.

ಮತ್ತೆ ಶುರುವಾದದ್ದು ಒಂದು ನವೆಂಬರಿನ ಬುಧವಾರ. ಹೊರಗೆ ಮಳೆ, ಎಲ್ಲರೂ ಮನೆಯಲ್ಲಿ. ಸುಮ್ನೆ ಹಂಚು ತೆಗೆದು ತೊಳೆದು ಎಣ್ಣೆ ಸವರಿದೆ. ಹೆಸರುಕಾಳು ಪಲ್ಲೆ, ಶೇಂಗಾ ಹಿಂಡಿ, ಮೊಸರು, ಹಸಿ ಮೆಂತ್ಯೆ, ಉಳ್ಳಾಗಡ್ಡಿ. ಇಷ್ಟೇ. ರೊಟ್ಟಿ ಮೊದಮೊದಲು ಹರಿದವು. ಗಿರಣಿಯಿಂದ ಬಿಸಿ ಬಿಸಿ ತಂದ ಹಿಟ್ಟಿನ ಜಿಗಿ ಪ್ಯಾಕೆಟ್ಟಿನ ಹಿಟ್ಟಿಗೆ ಇರುವುದಿಲ್ಲ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಮೊದಲೇ ಇಲ್ಲ, ಎಸರು ಬಿದ್ದು ಹಿಟ್ಟು ಅರೆ ಬೆಂದರೇನೇ ಹಿಡಿತ ಬರುತ್ತದೆ. ಎಸರು ಕೊತಕೊತ ಕುದಿಯಲಿ, ನಾದುವಾಗ ಕೈಗೆ ಬಿಸಿ ತಾಗಲಿ. ಅಂಗೈಗಿಂತ ಸ್ವಲ್ಪ ದೊಡ್ಡದು ಬಡಿದರೆ ಸಾಕು. ಇಲ್ಲಿನ ಅಂಗಡಿಯಿಂದ ಹಿಟ್ಟು ಸಣ್ಣ ಪ್ಯಾಕೆಟ್ಟೇ ತಾ. ಉರಿ ಇಲ್ಲದ ಒಲೆಯಾದರೆ ಕೊನೆಗೆ ಬಟ್ಟೆ ಮಡಚಿ ರೊಟ್ಟಿಯ ಅಂಚು ಒತ್ತುತ್ತ ಬಾ, ಹಂಚಿನ ಮೇಲೇ ಉಬ್ಬುತ್ತದೆ.

ದೊಡ್ಡ ಮಗಳು ಮೇಲಿನ ರೂಮಿನಿಂದ ಇಳಿದು ಬಂದಳು. ಮುಖ ಅರಳಿತ್ತು. "ಅಪ್ಪಾ, ಮನೆಯೆಲ್ಲ ಧಾರವಾಡದ ಅಜ್ಜಿ ಮನೆ ವಾಸನೆ ಬರ್ತಿದೆ" ಅಂದಳು.

ಅವಳು ಖುಷಿಯಿಂದಲೇ ಅಂದದ್ದು. ನನಗೆ ಮಾತ್ರ ಆ ಮಾತು ಇವತ್ತಿಗೂ ಚುಚ್ಚುತ್ತದೆ. ರೊಟ್ಟಿ ಅವಳಿಗೆ ರಜೆಯ ಊಟ, ಅಜ್ಜಿಯ ಊಟ. ಹಾಗಾದರೆ ನಮ್ಮ ಮನೆಯ ಊಟ ಅಂತ ಅವಳ ನೆನಪಿನಲ್ಲಿ ಏನು ಉಳಿಯುತ್ತದೆ? ಅವತ್ತಿನಿಂದ ಬುಧವಾರ ರಾತ್ರಿ ನಮ್ಮಲ್ಲಿ ರೊಟ್ಟಿ ಊಟ. ಆದರೆ ಅವಳು ಮರುವರ್ಷವೇ ಯೂನಿವರ್ಸಿಟಿಗೆ ಅಂತ ಬೇರೆ ಊರಿಗೆ ಹೋದಳು. ಚಿಕ್ಕವನು ಈ ಊಟದ ಮೇಲೇ ಬೆಳೆಯುತ್ತಿದ್ದಾನೆ, ಹಿಂಡಿಗೆ ಎಣ್ಣೆ ಕಲಸಿಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವಳಿಗೆ ಸಿಕ್ಕಿದ್ದು ಕೆಲವೇ ಬುಧವಾರ. ಅವಳು ಬಂದಾಗಲೆಲ್ಲ ಎಷ್ಟು ಬಡಿಸಿದರೂ ನನಗೆ ಸಮಾಧಾನ ಆಗುವುದಿಲ್ಲ.

ನಿನ್ನ ಮಗಳು ಇನ್ನೂ ಸಣ್ಣವಳು. ಅದಕ್ಕೇ ಇಷ್ಟು ಹೇಳಿದೆ. ವಾರಕ್ಕೆ ಒಂದೇ ರಾತ್ರಿ ಸಾಕು, ಆದರೆ ಯಾವ ರಾತ್ರಿ ಅಂತ ಬಂದ ಮೊದಲ ವಾರವೇ ಗೊತ್ತು ಮಾಡಿಕೊಳ್ಳಿ. ಎಲ್ಲ ಸಾಮಾನು ಸಿಕ್ಕ ಮೇಲೆ, ದೊಡ್ಡ ಮನೆ ಆದ ಮೇಲೆ ಅಂತ ಕಾಯಬೇಡ. ಎಣಗಾಯಿ, ಹೋಳಿಗೆ ಅಂತ ದೊಡ್ಡದಕ್ಕೂ ಹೋಗಬೇಡ. ಕೆಲಸದಿಂದ ದಣಿದು ಬಂದವನಿಗೆ ಒಂದು ಪಲ್ಲೆ, ನಾಲ್ಕು ರೊಟ್ಟಿಯೇ ದೊಡ್ಡದು. ಅಲಾರಂಗೆ ಹೆದರಬೇಡ. ಕಿಟಕಿ ತೆಗೆ, ಅಡುಗೆ ಮನೆ ಬಾಗಿಲು ಮುಚ್ಚು, ಒಗ್ಗರಣೆಯನ್ನು ಸಣ್ಣ ಉರಿಯಲ್ಲಿ ಹಾಕು.

ಇನ್ನೊಂದು ಮಾತು. ಅಡುಗೆಯಲ್ಲಿ ಏನಾದರೂ ತಿಳಿಯದಿದ್ದರೆ ಅಮ್ಮನಿಗೆ ಬೆಳಿಗ್ಗೆಯೇ ಫೋನ್ ಮಾಡಿ ಕೇಳಿಕೋ. ಚಳಿಗಾಲದಲ್ಲಿ ಊರಿಗೂ ಇಲ್ಲಿಗೂ ಐದೂವರೆ ತಾಸು ಅಂತರ, ಬೇಸಿಗೆಯಲ್ಲಿ ನಾಲ್ಕೂವರೆ. ನೀನು ರಾತ್ರಿ ಒಲೆ ಹಚ್ಚುವ ಹೊತ್ತಿಗೆ ಅವರು ಮಲಗಿರುತ್ತಾರೆ.

ಬಂದು ಇಳಿದ ಮೇಲೆ ತಿಳಿಸು. ಒಂದು ಬುಧವಾರ ಮೂವರೂ ಮನೆಗೆ ಬನ್ನಿ. ಗುರೆಳ್ಳು ಹಿಂಡಿ ಸ್ವಲ್ಪ ಜಾಸ್ತಿಯೇ ಕಟ್ಟಿಸಿಕೊಂಡು ಬಾ, ನಮ್ಮ ಮನೆಯಲ್ಲಿ ಮುಗಿದಿದೆ.