ಸಿಆರ್‌ಪಿ ಇಳಿಸಿದ್ದು ಕರಿಜೀರಿಗೆಯೇ ಅಂತ ನಾನೂ ನಂಬಿದ್ದೆ

ಕರಿಜೀರಿಗೆ ಎಣ್ಣೆಯೋ ಅಗಸೆ ಬೀಜವೋ, ಯಾವುದರಿಂದ ಉರಿಯೂತ ಬೇಗ ಇಳಿಯುತ್ತದೆ ಅಂತ ಕೇಳಿದ್ದೀರಿ. ಕೊನೆಯಲ್ಲಿ "ಇಳಿದರೆ ಸಂಧಿವಾತದ ಮಾತ್ರೆ ಬಿಡಬಹುದಾ" ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ಅದನ್ನು ನೋಡಿಯೇ ಬರೆಯಲು ಕೂತೆ.

ನನಗೂ ಅದೇ ಕಾಯಿಲೆ, ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ ಅದರ ಮಾತ್ರೆ ಮೆಥೋಟ್ರೆಕ್ಸೇಟ್ ತಗೊಳ್ಳುತ್ತಿದ್ದೆ. ಮಾರನೇ ದಿನವೆಲ್ಲ ವಾಕರಿಕೆ. ಸಾಕಾಗಿ ಹೋಗಿತ್ತು. ಆಗ ಒಂದು ರಕ್ತ ಪರೀಕ್ಷೆಯಲ್ಲಿ, ಉರಿಯೂತ ಎಷ್ಟಿದೆ ಅಂತ ತೋರಿಸುವ ಪ್ರೋಟೀನ್ ಆದ ಸಿಆರ್‌ಪಿ 38 ಬಂತು. ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ನಾನೇ ತೀರ್ಪು ಕೊಟ್ಟುಕೊಂಡು, ಅದರ ಜೊತೆಗೇ ಕರಿಜೀರಿಗೆ ಎಣ್ಣೆಯ ಕ್ಯಾಪ್ಸೂಲ್ ಶುರು ಮಾಡಿದೆ. ನಾಲ್ಕು ವಾರ ಕಳೆದು ನೋಡಿದರೆ 6. ಕುಣಿದಾಡಿಬಿಟ್ಟೆ. ಅದೇ ವಾರ ಮೆಥೋಟ್ರೆಕ್ಸೇಟ್ ನಿಲ್ಲಿಸಿದೆ. ಡಾಕ್ಟರಿಗೆ ಹೇಳಲಿಲ್ಲ.

ನನ್ನ ತಪ್ಪು ಎಣ್ಣೆ ಕುಡಿದದ್ದಲ್ಲ. ಆ 38 ಬಂದ ದಿನ ನನಗೆ ಗಂಟಲು ನೋವು, ಜ್ವರ ಇತ್ತು. ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಸಿಆರ್‌ಪಿಯನ್ನು ಮಾಡುವುದು ಯಕೃತ್ತು. ಮೈಯಲ್ಲಿ ಎಲ್ಲಿ ಉರಿಯೂತವಾದರೂ ಅದು ಏರುತ್ತದೆ. ಬೆರಳಿನ ಗೆಣ್ಣಿನಿಂದ ಏರಿತೋ ಗಂಟಲಿನಿಂದ ಏರಿತೋ ಅಂತ ರಿಪೋರ್ಟಿನಲ್ಲಿ ಬರೆದಿರುವುದಿಲ್ಲ. ಸೋಂಕು ತಗುಲಿದರೆ ಒಂದೆರಡು ದಿನದಲ್ಲೇ ಹತ್ತಾರು ಪಟ್ಟು ಏರಬಹುದು. ಸೋಂಕು ಹೋದರೆ ಸುಮಾರು 19 ಗಂಟೆಗೊಮ್ಮೆ ಅರ್ಧ ಅರ್ಧ ಇಳಿಯುತ್ತಾ ಹೋಗುತ್ತದೆ. ಅಂದರೆ ನಾಲ್ಕು ವಾರ ನಾನು ಸುಮ್ನೆ ಕೂತಿದ್ದರೂ ಅದು ಇಳಿಯುತ್ತಿತ್ತು! ಸಾಲದ್ದಕ್ಕೆ ಆ ನಾಲ್ಕು ವಾರವೂ ಮೆಥೋಟ್ರೆಕ್ಸೇಟ್ ಹೊಟ್ಟೆಗೆ ಹೋಗುತ್ತಲೇ ಇತ್ತು. ಜ್ವರ ಬಿಟ್ಟಿತ್ತು, ಮಾತ್ರೆ ನಡೆಯುತ್ತಿತ್ತು, ಹೊಗಳಿಕೆ ಮಾತ್ರ ಕ್ಯಾಪ್ಸೂಲಿಗೆ ಸಿಕ್ಕಿತು. ಜ್ವರ ಇಲ್ಲದ ದಿನ ಇನ್ನೊಂದು ಸಲ ರಕ್ತ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಾತ್ರೆ ಬಿಟ್ಟ ಮೊದಲ ತಿಂಗಳು ಏನೂ ಆಗಲಿಲ್ಲ. ಮೆಥೋಟ್ರೆಕ್ಸೇಟಿನ ಪ್ರಭಾವ ಇಳಿಯಲು ವಾರಗಳೇ ಬೇಕು. ನಾನು ಅದನ್ನೂ ಎಣ್ಣೆಯ ಮಹಿಮೆ ಅಂದುಕೊಂಡೆ. ಮೂರನೇ ತಿಂಗಳಿಗೆ ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಅಂಗಿಯ ಗುಂಡಿ ಬೇರೆಯವರು ಹಾಕಬೇಕಿತ್ತು. ಎಕ್ಸ್‌ರೇಯಲ್ಲಿ ಎರಡು ಗೆಣ್ಣಿನ ಮೂಳೆ ಸವೆದಿತ್ತು. ಮತ್ತೆ ಔಷಧಿ ಶುರುವಾಗಿ ನೋವು ಇಳಿಯಿತು, ಆದರೆ ಬಲಗೈ ನಡುಬೆರಳು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಇನ್ನು ಆ ವಾಕರಿಕೆ? ಡಾಕ್ಟರಿಗೆ ಹೇಳಿದ ಮೇಲೆ ಮಾತ್ರೆ ಬದಲು ಇಂಜೆಕ್ಷನ್ ಕೊಟ್ಟರು, ಬಹುಪಾಲು ಹೋಯಿತು. ಐದು ನಿಮಿಷದ ಮಾತು.

ಹಾಗಂತ ಕರಿಜೀರಿಗೆ ಬರೀ ಬೊಗಳೆ ಅಂತ ನಾನು ಹೇಳುವುದಿಲ್ಲ. ಅದರಲ್ಲಿರುವ ಥೈಮೋಕ್ವಿನೋನ್ ಅನ್ನುವ ಅಂಶ ಉರಿಯೂತ ತಗ್ಗಿಸುವುದು ಲ್ಯಾಬಿನಲ್ಲಿ, ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲೂ ಸಿಆರ್‌ಪಿ ಸ್ವಲ್ಪ ಇಳಿದ ಪ್ರಯೋಗಗಳಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವೇ ವಾರ ನಡೆದವು. ಸಂಧಿವಾತದವರಿಗೆ ಎಣ್ಣೆ ಕೊಟ್ಟು ನೋಡಿದ್ದು ಅವರ ಮಾಮೂಲಿ ಔಷಧಿಯ ಜೊತೆಗೆ, ಬದಲಿಗೆ ಅಲ್ಲ. ಈ ಸಾಲು ನಾನು ಓದಿದ್ದು ಬೆರಳು ಸೊಟ್ಟಗಾದ ಮೇಲೆ.

"ಆಕ್ಸಿಡೇಟಿವ್ ಸ್ಟ್ರೆಸ್ ಕಡಿಮೆ ಮಾಡುತ್ತದೆ" ಅಂತ ಡಬ್ಬದ ಮೇಲೆ ಬರೆದಿದ್ದರೆ ನನಗೀಗ ಸಿಟ್ಟೇ ಬರುತ್ತದೆ. ಫ್ರೀ ರ‍್ಯಾಡಿಕಲ್ ಅನ್ನುವ ಚುರುಕು ಕಣಗಳು ಮೈಯಲ್ಲಿ ಜಾಸ್ತಿಯಾಗಿ ಜೀವಕೋಶಗಳಿಗೆ ಹಾನಿ ಮಾಡುವುದಕ್ಕೆ ಆ ಹೆಸರು. ಆದರೆ ಫ್ರೀ ರ‍್ಯಾಡಿಕಲ್‌ಗಳು ಬರೀ ಕಸ ಅಲ್ಲ, ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಅವುಗಳನ್ನೂ ಬಳಸುತ್ತವೆ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ಒಂದು ಪ್ರಯೋಗ ನಡೆದಿತ್ತು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ (ಆ ಕಣಗಳನ್ನು ತಣಿಸುವ ವಸ್ತು) ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿಯಾಗಿತ್ತು. ಬೀಜದ ಎಣ್ಣೆ ಬೇರೆ, ಅದು ಬೇರೆ, ಒಪ್ಪಿದೆ. ಆದರೆ ಆಂಟಿಆಕ್ಸಿಡೆಂಟ್ ಅಂದಾಕ್ಷಣ ಒಳ್ಳೆಯದೇ ಇರಬೇಕು ಅನ್ನುವ ನಂಬಿಕೆ ಅಲ್ಲಿಗೆ ಬಿತ್ತಲ್ವಾ?

ಅಗಸೆ ಬೀಜದ ಬಗ್ಗೆ ಇಷ್ಟೇ: ನೀರು ಜಾಸ್ತಿ ಕುಡಿಯಿರಿ, ಮಾತ್ರೆ ನುಂಗುವ ಹೊತ್ತಿಗೇ ತಿನ್ನಬೇಡಿ, ಅದರ ನಾರು ಔಷಧಿ ಹೀರಿಕೆಗೆ ಅಡ್ಡ ಬರಬಹುದು. ಕರಿಜೀರಿಗೆ ಸಕ್ಕರೆ, ಬಿಪಿ ಎರಡನ್ನೂ ಇಳಿಸಬಲ್ಲದು. ಅವುಗಳಿಗೆ ಅಥವಾ ರಕ್ತ ತೆಳುವಾಗಲು ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಯಾವ ಬೀಜ ಅನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ನಿಮ್ಮ ಸಿಆರ್‌ಪಿ 22 ಬಂತು ಅಂತ ಬರೆದಿದ್ದೀರಿ. ಆ ದಿನ ನೆಗಡಿ ಇತ್ತಾ? ಹಲ್ಲು ನೋವು? ಜ್ವರ?