ಸೊಪ್ಪು ತೊಳೆಯಲು ಉಪ್ಪುನೀರು ಸಾಕೇ?

ಪ್ರಶ್ನೆ: ಕೆ.ಆರ್. ಮಾರುಕಟ್ಟೆಯಿಂದ ವಾರಕ್ಕೆರಡು ಬಾರಿ ದಂಟು, ಮೆಂತ್ಯ, ಪಾಲಕ್, ಕೊತ್ತಂಬರಿ ತರುತ್ತೇವೆ. ಅತ್ತೆಯವರು ಅವನ್ನು ಉಪ್ಪು, ಅರಿಸಿನದ ನೀರಿನಲ್ಲಿ ನೆನೆಸಿಡುತ್ತಾರೆ. ಅಂಗಡಿಯಲ್ಲಿ ಸಿಗುವ ತರಕಾರಿ ತೊಳೆಯುವ ದ್ರಾವಣವೇ ಒಳ್ಳೆಯದೆಂದು ಮಗಳ ವಾದ. ಯಾವುದು ಸರಿ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ನೀರಿಗೆ ಏನು ಬೆರೆಸುತ್ತೀರಿ ಎಂಬುದಕ್ಕಿಂತ ಹೇಗೆ ತೊಳೆಯುತ್ತೀರಿ ಎಂಬುದೇ ಮುಖ್ಯ. ಅಮೆರಿಕದ ಕನೆಕ್ಟಿಕಟ್‌ನ ಕೃಷಿ ಪ್ರಯೋಗ ಕೇಂದ್ರವು 12 ಕೀಟನಾಶಕಗಳನ್ನು ಪರೀಕ್ಷಿಸಿದಾಗ, ಬರೀ ನಲ್ಲಿ ನೀರಿನಲ್ಲಿ ತೊಳೆದರೂ 9ರ ಶೇಷ ಕಡಿಮೆಯಾಗಿತ್ತು. ಮಾರಾಟದ ದ್ರಾವಣಗಳು ಅದಕ್ಕಿಂತ ಮೇಲೆನಿಸಲಿಲ್ಲ. ಆ ದುಡ್ಡಿಗೆ ಇನ್ನೆರಡು ಕಟ್ಟು ಸೊಪ್ಪು ಕೊಳ್ಳಬಹುದು.

ಕಟ್ಟು ಬಿಚ್ಚಿ, ಬೇರನ್ನು ಮಣ್ಣಿನ ಸಮೇತ ಕತ್ತರಿಸಿ ತೆಗೆದು, ಕೊಳೆತ ಎಲೆಗಳನ್ನು ಆರಿಸಿ ಹಾಕಿ. ಬಳಿಕ ಅಗಲ ಪಾತ್ರೆಯ ತುಂಬು ನೀರಿನಲ್ಲಿ ಸೊಪ್ಪನ್ನು ಮುಳುಗಿಸಿ ಅಲುಗಾಡಿಸಿ, ಎರಡು ನಿಮಿಷ ಬಿಟ್ಟು, ಎರಡೂ ಕೈಗಳಿಂದ ಮೇಲಕ್ಕೆತ್ತಿ ತೆಗೆಯಬೇಕು. ಪಾತ್ರೆಯನ್ನು ಬಗ್ಗಿಸಿ ನೀರು ಚೆಲ್ಲಿದರೆ ತಳಕ್ಕಿಳಿದ ಮರಳು ಮತ್ತೆ ಎಲೆಗೆ ಮೆತ್ತಿಕೊಳ್ಳುತ್ತದೆ. ನೀರು ತಿಳಿಯಾಗುವವರೆಗೆ, ಸಾಮಾನ್ಯವಾಗಿ ಮೂರು ಸಲ, ಹೀಗೆ ಮಾಡಿ, ಕೊನೆಗೆ ನಲ್ಲಿಯ ಕೆಳಗೆ ಹಿಡಿದು ಎಲೆಗಳನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವ ಮನೆಗಳಲ್ಲಿ ಈ ನೀರು ಕುಂಡದ ಗಿಡಗಳಿಗೆ ಹೋಗಲಿ. ಹೆಚ್ಚುವುದು ತೊಳೆದ ಮೇಲೆಯೇ, ಏಕೆಂದರೆ ಕತ್ತರಿಸಿದ ಅಂಚಿನಿಂದ ಸತ್ವ ಸೋರುತ್ತದೆ, ರೋಗಾಣುಗಳಿಗೂ ಒಳಹೋಗಲು ದಾರಿಯಾಗುತ್ತದೆ.

ಅತ್ತೆಯವರ ಉಪ್ಪುನೀರಿನಲ್ಲಿ ಹುರುಳಿಲ್ಲದಿಲ್ಲ. ಲೀಟರಿಗೆ 20 ಗ್ರಾಂ ಉಪ್ಪು ಹಾಕಿ ಹತ್ತು ನಿಮಿಷ ನೆನೆಸಿದರೆ ಎಲೆಗಳ ನಡುವಿನ ಹುಳುಗಳೂ ಮೇಲ್ಮೈ ಶೇಷದ ಒಂದಂಶವೂ ಬಿಡುತ್ತವೆ. ಆಮೇಲೆ ಬರೀ ನೀರಿನಲ್ಲಿ ತೊಳೆಯಬೇಕು. ಅರಿಸಿನದ ಸಾರವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ. ಅದನ್ನು ಒಗ್ಗರಣೆಗೆ ಉಳಿಸಿಕೊಳ್ಳಿ. ಪಾತ್ರೆ ತೊಳೆಯುವ ಸೋಪನ್ನಂತೂ ಸೊಪ್ಪಿನ ಹತ್ತಿರ ತರಲೇಬೇಡಿ, ಎಲೆ ಅದನ್ನು ಹೀರಿಕೊಳ್ಳುತ್ತದೆ.

ಆದರೆ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕವನ್ನು ಗಿಡವೇ ಹೀರಿಕೊಂಡು ಎಲೆಯೊಳಗೆ ಸಾಗಿಸುವುದರಿಂದ ಅದನ್ನು ಯಾವ ನೀರೂ ಪೂರ್ತಿ ತೆಗೆಯದು. ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪು ಹೀರಿದ ಭಾರಲೋಹಗಳದೂ ಇದೇ ಕಥೆ. ಬಸ್ಸಾರು ಮಾಡುವವರು ಒಂದು ಮಾತು ಗಮನಿಸಬೇಕು: ಬೇಯಿಸುವಾಗ ನೀರಿಗಿಳಿದ ಶೇಷ ಬಸಿದ ಕಟ್ಟಿನಲ್ಲೇ ಉಳಿಯುತ್ತದೆ, ಆ ಕಟ್ಟನ್ನೇ ನಾವು ಸಾರು ಮಾಡಿ ಉಣ್ಣುತ್ತೇವೆ. ಹಾಗಾಗಿ ಬೇಯಿಸುವ ಮುಂಚಿನ ತೊಳೆತದಲ್ಲಿ ರಿಯಾಯಿತಿ ಬೇಡ.

ರೋಗಾಣುಗಳ ವಿಷಯ ಬೇರೆ. ಚೆನ್ನಾಗಿ ತೊಳೆದರೆ ಬ್ಯಾಕ್ಟೀರಿಯಾಗಳಲ್ಲಿ ಶೇಕಡಾ 90ರಿಂದ 99ರಷ್ಟು ಹೋಗಬಹುದು. ಉಳಿದವಕ್ಕೆ ಬೆಂಕಿಯೇ ಮದ್ದು, ಕುದಿ ಬಂದ ಸೊಪ್ಪಿನಲ್ಲಿ ಅವು ಬದುಕುವುದಿಲ್ಲ. ಭಯವಿರುವುದು ಕೋಸಂಬರಿಗೆ ಹಸಿಯಾಗಿ ಉದುರಿಸುವ ಕೊತ್ತಂಬರಿಯಲ್ಲಿ. ಮಲಿನ ನೀರಿನ ಮೂಲಕ ಎಲೆ ಸೇರುವ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದರೆ ಮರಿಹುಳು ಮಿದುಳಿನಲ್ಲಿ ಗಂಟುಕಟ್ಟಿ ಮೂರ್ಛೆ ರೋಗ ತರಬಹುದು. ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಉಪ್ಪು, ವಿನೆಗರ್ ಆ ಮೊಟ್ಟೆಯನ್ನು ಕೊಲ್ಲುತ್ತವೆಂದು ನಂಬಿ ಕೂರಬಾರದು, ಎಲೆಎಲೆಯಾಗಿ ಬಿಡಿಸಿ ಉಜ್ಜಿ ತೊಳೆಯಬೇಕು. ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಬೇಯಿಸಿದ್ದನ್ನೇ ಬಡಿಸುವುದು ಕ್ಷೇಮ.

ಫ್ರಿಜ್‌ನಲ್ಲಿ ಇಡುವ ಸೊಪ್ಪನ್ನು ತೊಳೆಯದೆ, ಮಾರುವವರು ಚಿಮುಕಿಸಿದ ನೀರಿನ ಪಸೆ ಆರಿಸಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಅಡುಗೆಗೆ ತೆಗೆದಾಗ ತೊಳೆದರಾಯಿತು.